ಸೆರೆಮನೆ ಇದ್ದ ಜಾಗದಲ್ಲಿ ಜಾತ್ರೆ

ಎಲ್ಲರಿಗೂ ನಮಸ್ಕಾರ. ಅಮೆರಿಕಕ್ಕೆ ಹೋಗಿ ಬಂದಿದ್ದೀರಿ, ಏನಾದರೂ ಮಾತಾಡಿ ಅಂತ ಕರೆದಿರಿ. ನಯಾಗರ ನೋಡಿ ಬಂದವರು ಈ ಸಭೆಯಲ್ಲೇ ಹತ್ತಾರು ಜನ ಕೂತಿದ್ದೀರಿ, ಆ ಕಥೆಯನ್ನು ನಾನು ತೆಗೆಯುವುದಿಲ್ಲ. ಒಂದು ಬೀದಿ ಜಾತ್ರೆಯ ವಿಷಯ ಹೇಳುತ್ತೇನೆ.

ಮಗಳ ಮನೆ ಇರುವುದು ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯಲ್ಲಿ. ಮಿಷಿಗನ್ ಸರೋವರದ ದಂಡೆಯ ಊರು. ಸರೋವರ ಅಂದರೆ ನಮ್ಮ ತೊಣ್ಣೂರು ಕೆರೆ ಲೆಕ್ಕ ಅಲ್ಲ, ಆಚೆ ದಡವೇ ಕಾಣುವುದಿಲ್ಲ. ಜರ್ಮನ್ನರು ಬಂದು ನೆಲೆಸಿ, ಬಿಯರ್ ತಯಾರಿಸಿ ಹೆಸರು ಮಾಡಿದ ಊರದು. ಚಳಿಗಾಲ ತಿಂಗಳುಗಟ್ಟಲೆ ಕದಲುವುದಿಲ್ಲವಾದ್ದರಿಂದ, ಬೇಸಿಗೆ ಬಂತೆಂದರೆ ಹಬ್ಬದ ಮೇಲೆ ಹಬ್ಬ. ಜುಲೈ 14ರ ಆಸುಪಾಸು, ಗುರುವಾರದಿಂದ ಭಾನುವಾರದ ತನಕ ನಡೆಯುವ ಹಬ್ಬ ಫ್ರೆಂಚರದ್ದು. ಬ್ಯಾಸ್ಟಿಲ್ ಡೇಸ್ ಅಂತ ಹೆಸರು, ಬ್ಯಾಸ್ಟಿಲ್ ಅಂದರೆ ಪ್ಯಾರಿಸ್ಸಿನಲ್ಲಿ ಸೆರೆಮನೆಯಾಗಿದ್ದ ಕೋಟೆ. 1980ರ ದಶಕದಿಂದ ನಡೆದುಕೊಂಡು ಬಂದಿದೆ, ಟಿಕೆಟ್ ಇಲ್ಲ, ಬೀದಿಗಳನ್ನೇ ಮುಚ್ಚಿ ನಡೆಸುತ್ತಾರೆ.

ಅಳಿಯ ‘ಮಾವ, ಫ್ರೆಂಚ್ ಜಾತ್ರೆಗೆ ಬರ್ತೀರಾ?’ ಅಂದ. ‘ನಾನು ಹುಟ್ಟಿದ್ದೇ ಫ್ರೆಂಚ್ ರಾಕ್ಸ್‌ನಲ್ಲಪ್ಪ’ ಅಂದೆ. ಅವನಿಗೆ ಅರ್ಥ ಆಗಲಿಲ್ಲ, ಹುಬ್ಬಳ್ಳಿ ಕಡೆಯವನು. ನಿಮಗೆ ಗೊತ್ತು. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದ ಬಂಡೆಗಳಿಂದ ನಮ್ಮ ಪಾಂಡವಪುರಕ್ಕೆ ಆ ಹೆಸರು ಅಂಟಿಕೊಂಡಿತ್ತು. ನಮ್ಮಜ್ಜಿ ಸಾಯುವ ತನಕ ಊರನ್ನು ಪೆಂಚ್‌ರಾಕ್ಸ್ ಅಂತಲೇ ಕರೆದಳು. ಅದಕ್ಕಾಗಿ ನಾವು ಒಂದು ದಿನವಾದರೂ ಹಬ್ಬ ಮಾಡಿದ್ದಿಲ್ಲ.

ಹಾಗೆ ನೋಡಿದರೆ ಮಿಲ್ವಾಕಿಗೂ ಫ್ರೆಂಚ್ ನೆಂಟಸ್ತಿಕೆ ಸುಳ್ಳಲ್ಲ. ಊರು ಕಟ್ಟಿದವರಲ್ಲಿ ಮುಖ್ಯನಾದ ಸಾಲಮನ್ ಜೂನೋ ಕೆನಡಾದ ಫ್ರೆಂಚ್ ಮನೆತನದವನು, ಪ್ರಾಣಿಗಳ ತುಪ್ಪಳದ ವ್ಯಾಪಾರಿ. 1846ರಲ್ಲಿ ಊರಿನ ಮೊದಲ ಮೇಯರ್ ಆದ. ನದಿಯ ಪೂರ್ವ ದಂಡೆ ಅವನದು, ಪಶ್ಚಿಮ ದಂಡೆ ಕಿಲ್ಬರ್ನ್ ಎಂಬ ಇನ್ನೊಬ್ಬನದು. ಇಬ್ಬರಿಗೂ ಆಗಿಬರುತ್ತಿರಲಿಲ್ಲ. ಆಚೆಯ ಬೀದಿ ಈಚೆಯ ಬೀದಿಗೆ ಸೇರದಂತೆ ಬೀದಿ ಹಾಕಿದರು. ಆಮೇಲೆ ಕಟ್ಟಿದ ಸೇತುವೆಗಳು ಇವತ್ತಿಗೂ ನದಿಯ ಮೇಲೆ ಓರೆಯಾಗಿ ನಿಂತಿವೆ. ದಾಯಾದಿ ಜಗಳದಲ್ಲಿ ಎದ್ದ ಗೋಡೆ ನೋಡಿದ್ದೇನೆ, ಸೇತುವೆ ನೋಡಿದ್ದು ಅದೇ ಮೊದಲು.

ಜಾತ್ರೆ ಸೇರುವುದು ಜೂನೋನ ದಂಡೆಯಲ್ಲಿ, ಕ್ಯಾಥೆಡ್ರಲ್ ಸ್ಕ್ವೇರ್ ಅನ್ನುವ ಚೌಕದ ಸುತ್ತ. ಐಫೆಲ್ ಟವರ್ ಬಂದು ನಿಂತಿರುತ್ತದೆ, 43 ಅಡಿಯದು. ಪ್ಯಾರಿಸ್ಸಿನದು 330 ಮೀಟರ್. ನಮ್ಮ ದಸರಾದಲ್ಲಿ ದೀಪದಲ್ಲಿ ತಾಜ್‌ಮಹಲ್ ಮಾಡುತ್ತಾರಲ್ಲ, ಆ ಥರ. ಕತ್ತಲಾದ ಮೇಲೆ ದೀಪ ಹತ್ತಿದರೆ ಚೆನ್ನಾಗಿಯೇ ಕಾಣುತ್ತದೆ, ಹಗಲಲ್ಲಿ ಮೊಬೈಲ್ ಟವರ್‌ನ ಚಿಕ್ಕ ತಮ್ಮ.

ತಿನ್ನುವುದರಲ್ಲಿ ಬೆನ್ಯೇ ಅನ್ನುವುದಕ್ಕೆ ದೊಡ್ಡ ಕ್ಯೂ. ಹುದುಗಿದ ಹಿಟ್ಟನ್ನು ಚೌಕ ಕತ್ತರಿಸಿ ಎಣ್ಣೆಯಲ್ಲಿ ಕರಿಯುತ್ತಾರೆ, ಉಬ್ಬಿ ಒಳಗೆ ಟೊಳ್ಳಾಗುತ್ತದೆ. ನಮ್ಮ ಮಂಗಳೂರು ಬನ್ಸ್‌ನ ಬಾಳೆಹಣ್ಣಿಲ್ಲದ ನೆಂಟ. ಅದರ ಮೇಲೆ ಸಕ್ಕರೆ ಪುಡಿಯನ್ನು ಸುರಿಯುತ್ತಾರೆ, ಉದುರಿಸುವುದಲ್ಲ, ಸುರಿಯುವುದು. ಬಾಯಿಗಿಡುವಾಗ ಉಸಿರು ಬಿಡಬಾರದು. ನಾನು ಬಿಟ್ಟೆ. ನೀಲಿ ಸ್ವೆಟರ್ ಪೂರ್ತಿ ಬೆಳ್ಳಗಾಯಿತು, ಮೊಮ್ಮಗಳು ಬಿದ್ದು ಬಿದ್ದು ನಕ್ಕಳು.

ಗುರುವಾರ ರಾತ್ರಿ ಒಂದು ಓಟ ಇರುತ್ತದೆ, ‘ಬ್ಯಾಸ್ಟಿಲ್‌ಗೆ ಮುತ್ತಿಗೆ’ ಅನ್ನುವ ಅರ್ಥದ ಹೆಸರು. 5 ಕಿಲೋಮೀಟರ್. ಓಡುವವರು ಓಡುತ್ತಾರೆ, ನಮ್ಮಂಥವರು ನಡೆಯುತ್ತಾರೆ. ಸಾವಿರಾರು ಜನ ಕೇಕೆ ಹಾಕಿಕೊಂಡು ಹೋಗುವಾಗ ನನಗೂ ಹುರುಪು ಬಂತು. ಅರ್ಧ ದಾರಿಯಲ್ಲಿ ಮೊಮ್ಮಗಳು ಕೈ ಜಗ್ಗಿ ಕೇಳಿದಳು: ‘ಅಜ್ಜ, ನಾವು ಯಾರನ್ನ ಬಿಡಿಸೋಕೆ ಹೋಗ್ತಿರೋದು?’

ಇತಿಹಾಸದ ಮೇಷ್ಟರಾಗಿದ್ದವನು ನಾನು. 1789ರ ಜುಲೈ 14, ಪ್ಯಾರಿಸ್ ಜನ ಆ ಕೋಟೆಗೆ ನುಗ್ಗಿದ್ದು ಮದ್ದುಗುಂಡಿಗೆ, ಒಳಗಿದ್ದ ಕೈದಿಗಳು ಏಳೇ ಜನ ಅಂತೆಲ್ಲ ಹೇಳಿದೆ. ‘ಅವರ ಹೆಸರೇನು?’ ಅಂದಳು. 30 ವರ್ಷ ಪಾಠ ಮಾಡಿದರೂ ಯಾವ ಹುಡುಗನೂ ಅದನ್ನು ಕೇಳಿರಲಿಲ್ಲ.

ಮಾರನೆಯ ದಿನ ಗದ್ದಲ ಸಾಕಾಗಿ ಚೌಕದಲ್ಲಿ ಕೂರುವ ಜಾಗ ಹುಡುಕುತ್ತಿದ್ದಾಗ ಒಂದು ಸ್ಮಾರಕ ಫಲಕ ಕಂಡಿತು. ಓದುತ್ತಾ ನಿಂತೇಬಿಟ್ಟೆ. ಆ ಚೌಕದಲ್ಲಿ ಹಿಂದೆ ಕೋರ್ಟು ಇತ್ತು, ಜೊತೆಗೆ ಜೈಲು. 1854ರ ಮಾರ್ಚ್‌ನಲ್ಲಿ ಆ ಜೈಲಿಗೆ ಜೋಶುವಾ ಗ್ಲೋವರ್ ಎಂಬ ಕಪ್ಪು ಮನುಷ್ಯನನ್ನು ತಂದು ಹಾಕಿದರು. ಮಿಸ್ಸೂರಿಯಲ್ಲಿ ಜೀತಕ್ಕಿದ್ದವನು, ಜೀತ ಅಂದರೆ ನಮ್ಮಲ್ಲಿಯಂತೆ ಸಾಲಕ್ಕಲ್ಲ, ದನದ ಹಾಗೆ ಮಾರಾಟವಾಗುವ ಗುಲಾಮ. ತಪ್ಪಿಸಿಕೊಂಡು ಬಂದು, ಹತ್ತಿರದ ರಸೀನ್ ಊರಿನ ಮರ ಕೊಯ್ಯುವ ಮಿಲ್‌ನಲ್ಲಿ ಕೂಲಿ ಮಾಡಿಕೊಂಡಿದ್ದ. ಯಜಮಾನ ಪತ್ತೆ ಹಚ್ಚಿ, ಸರ್ಕಾರಿ ಆಳುಗಳ ಜೊತೆ ಬಂದು, ತಲೆ ಒಡೆದು, ಗಾಡಿಯಲ್ಲಿ ಹಾಕಿಕೊಂಡು ರಾತ್ರೋರಾತ್ರಿ ಮಿಲ್ವಾಕಿಗೆ ಸಾಗಿಸಿದ. ಕಾನೂನು ಯಜಮಾನನ ಕಡೆಗೇ ಇತ್ತು. 1850ರ ಕಾಯಿದೆಯ ಪ್ರಕಾರ ಓಡಿಹೋದವನನ್ನು ಹಿಡಿದು ಕೊಡಲೇಬೇಕು.

ಒಂದು ಪತ್ರಿಕೆಯ ಸಂಪಾದಕ, ಶರ್ಮನ್ ಬೂತ್ ಅನ್ನುವವನು, ಸುದ್ದಿ ಹಬ್ಬಿಸಿದ. ಮಾರ್ಚ್ 11ರಂದು ಕೋರ್ಟಿನ ಮುಂದೆ ಸಾವಿರಾರು ಜನ ಸೇರಿದರು, ರಸೀನ್‌ನಿಂದಲೂ ನೂರು ಜನ ಬಂದರು. ಸಂಜೆ ಹೊತ್ತಿಗೆ ಒಂದು ಮರದ ತೊಲೆ ತಂದು ಜೈಲಿನ ಬಾಗಿಲಿಗೆ ಗುದ್ದಿ ಒಡೆದರು. ಗ್ಲೋವರ್ ಹೊರಗೆ ಬಂದ. ಒಬ್ಬರಿಂದ ಒಬ್ಬರ ಮನೆಗೆ ದಾಟಿಸಿ, ಕೊನೆಗೆ ಹಡಗು ಹತ್ತಿಸಿ ಕೆನಡಾಕ್ಕೆ ಕಳಿಸಿದರು. ಟೊರಾಂಟೋ ಪಕ್ಕದ ಎಟೋಬಿಕೋಕ್‌ನಲ್ಲಿ 30 ವರ್ಷಕ್ಕೂ ಮೇಲೆ ದುಡಿದುಕೊಂಡು ಬಾಳಿ, 1888ರಲ್ಲಿ ತೀರಿಕೊಂಡ. ಬೂತ್‌ನ ಮೇಲೆ ಕೇಸು ಬಿತ್ತು. ವಿಸ್ಕಾನ್ಸಿನ್ನಿನ ಮೇಲಿನ ಕೋರ್ಟು, ಆ ಕಾಯಿದೆಯೇ ಸಂವಿಧಾನಕ್ಕೆ ವಿರುದ್ಧ ಅಂತ ಅವನ ಪರ ನಿಂತಿತು, 1859ರಲ್ಲಿ ದೇಶದ ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು.

ನೋಡಿ, ಹಿಂದಿನ ರಾತ್ರಿ ಇಷ್ಟೂ ಜನ ಇಲ್ಲದ ಜೈಲಿಗೆ ಮುತ್ತಿಗೆ ಹಾಕಿದೆವು. ಕಾಲಡಿಯಲ್ಲೇ ನಿಜವಾದ ಜೈಲೊಂದಿತ್ತು, ಅದರ ಬಾಗಿಲನ್ನು ಇದೇ ಊರಿನವರು ಒಡೆದಿದ್ದರು. ಮಗಳು ಅಲ್ಲಿ 11 ವರ್ಷದಿಂದ ಇದ್ದಾಳೆ, ಪ್ರತಿ ವರ್ಷ ಜಾತ್ರೆಗೆ ಹೋಗುತ್ತಾಳೆ, ಫಲಕ ನೋಡಿರಲಿಲ್ಲ. ಅವಳನ್ನು ಅನ್ನುವಂತಿಲ್ಲ. ನಾನೇ ನಮ್ಮೂರಿನ ಕುಂತಿಬೆಟ್ಟವನ್ನು ಎಷ್ಟು ಸಲ ಹತ್ತಿದ್ದೇನೆ, ಆ ಫ್ರೆಂಚ್ ಸಿಪಾಯಿಗಳ ಬಗ್ಗೆ ಮಕ್ಕಳಿಗೆ ಒಂದು ಮಾತು ಹೇಳಿದವನಲ್ಲ.

ಭಾನುವಾರ ಮೊಮ್ಮಗಳನ್ನು ಫಲಕದ ಮುಂದೆ ನಿಲ್ಲಿಸಿದೆ. ಕೈಯಲ್ಲಿ ಬೆನ್ಯೇ ಪೊಟ್ಟಣ, ಗಲ್ಲದ ಮೇಲೆ ಸಕ್ಕರೆ. ಹೆಸರನ್ನು ಎರಡು ಸಲ ಗಟ್ಟಿಯಾಗಿ ಓದಿದಳು. ಆಮೇಲೆ ನನ್ನ ಕಡೆ ತಿರುಗಿ, ‘ಮೊನ್ನೆ ರಾತ್ರಿ ನಾವು ಓಡಿದ್ದು ಇವನಿಗೋಸ್ಕರಾನಾ?’ ಅಂದಳು.

‘ಹೌದು’ ಅಂದುಬಿಟ್ಟೆ. ಮಗಳು ನನ್ನ ಮುಖ ನೋಡಿದಳು, ತಿದ್ದಲಿಲ್ಲ.