ಆಟಿಯ ಮಳೆ ಮತ್ತು ಕ್ಷೌರದ ಸಾಬೂನು

ಕೇಳುಗರಿಗೆ ನಮಸ್ಕಾರ.

ತುಳುವರ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆ ಕಳೆದು ಮಳೆ ಹಿಡಿಯಿತೆಂದರೆ ನಮ್ಮ ಕಾಸರಗೋಡಿನ ಮನೆಗಳಲ್ಲಿ ವಸ್ತುಗಳ ಸ್ವಭಾವವೇ ಬದಲಾಗುತ್ತದೆ. ಭರಣಿಯೊಳಗಿನ ಉಪ್ಪು ನೀರೂರುತ್ತದೆ; ಬಾಗಿಲ ಹಿಂದೆ ತೂಗುಹಾಕಿದ ಚರ್ಮದ ಪಟ್ಟಿಗೆ ವಾರ ಕಳೆಯುವುದರೊಳಗೆ ಬೂಷ್ಟು ಹಿಡಿಯುತ್ತದೆ. ಬ್ರಷ್ಷಿನಿಂದ ನೊರೆ ಎಬ್ಬಿಸಿ ಕ್ಷೌರ ಮಾಡಿಕೊಳ್ಳುವವರ ಮನೆಯಲ್ಲಿ ಇದೇ ಹೊತ್ತಿಗೆ ಇನ್ನೊಂದು ನಷ್ಟವೂ ಸದ್ದಿಲ್ಲದೆ ಆಗುತ್ತಿರುತ್ತದೆ. ಬಟ್ಟಲಿನಲ್ಲಿಟ್ಟ ದುಂಡು ಸಾಬೂನು ಬೆವರಿ, ಅಡಿಯಲ್ಲಿ ಲೋಳೆಯಾಗಿ, ಮುಖಕ್ಕೆ ಹಚ್ಚಿದ್ದಕ್ಕಿಂತ ಹೆಚ್ಚು ಪಾಲು ಬಚ್ಚಲಿನ ನೀರಿನೊಂದಿಗೆ ಹರಿದುಹೋಗುತ್ತದೆ. ಆ ಸಾಬೂನನ್ನು ಕಾಪಾಡಿಕೊಳ್ಳುವ ಬಗೆಯನ್ನು ಕುರಿತು ಈ ದಿನ ಕೆಲವು ಮಾತುಗಳನ್ನು ಹೇಳಬಯಸುತ್ತೇನೆ.

ಮೈಗೆ ಹಚ್ಚುವ ಸಾಬೂನಿಗಿಂತ ಕ್ಷೌರದ ಸಾಬೂನು ಏಕೆ ಬೇಗ ಕರಗುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಸ್ನಾನದ ಗಟ್ಟಿ ಸಾಬೂನನ್ನು ಸಾಮಾನ್ಯವಾಗಿ ಸೋಡಿಯಂ ಕ್ಷಾರದಿಂದ ಮಾಡುತ್ತಾರೆ. ಕ್ಷೌರದ ಸಾಬೂನಿನಲ್ಲಿ ಅದರ ಜೊತೆಗೆ ಪೊಟ್ಯಾಸಿಯಂ ಕ್ಷಾರವನ್ನೂ ಬಳಸುವುದುಂಟು. ಪೊಟ್ಯಾಸಿಯಂ ಸೇರಿದ ಸಾಬೂನು ಮೆದುವಾಗಿ, ಬ್ರಷ್ಷು ತಾಗಿದೊಡನೆ ನೀರಿನಲ್ಲಿ ಬೆರೆಯುತ್ತದೆ. ನೊರೆ ದಟ್ಟವಾಗಿ ಕೆನೆಯಂತೆ ನಿಲ್ಲುವುದು ಅದರಲ್ಲಿರುವ ಸ್ಟಿಯರಿಕ್ ಆಮ್ಲವೆಂಬ ಕೊಬ್ಬಿನಂಶದ ದೆಸೆಯಿಂದ. ನಮ್ಮ ಊರಿನ ತೆಂಗಿನೆಣ್ಣೆಯೂ ಇಂಥ ಸಾಬೂನಿನಲ್ಲಿ ಇರುತ್ತದೆಯಾದರೂ ಅದೊಂದೇ ಸಾಲದು. ತೆಂಗಿನೆಣ್ಣೆಯಲ್ಲಿ ಸುಮಾರು ಅರ್ಧದಷ್ಟು ಇರುವ ಲಾರಿಕ್ ಆಮ್ಲ ಥಟ್ಟನೆ ನೊರೆ ಕೊಡುತ್ತದೆ, ಆದರೆ ಆ ಗುಳ್ಳೆಗಳು ದೊಡ್ಡವು, ಬೇಗ ಒಡೆಯುವಂಥವು. 1916ರಿಂದ ತೆಂಗಿನ ಸಂಶೋಧನೆ ನಡೆಯುತ್ತ ಬಂದಿರುವ ಜಿಲ್ಲೆಯಲ್ಲಿ ಕುಳಿತು ಇದನ್ನು ಹೇಳುವಾಗ ತೆಂಗಿನ ಗೌರವಕ್ಕೆ ನಾನು ಕುಂದು ತರುತ್ತಿಲ್ಲವೆಂದು ಭಾವಿಸುತ್ತೇನೆ. ಇವೆಲ್ಲದರ ಜೊತೆಗೆ ಸಾಬೂನಿನಲ್ಲಿ ಗ್ಲಿಸರಿನ್ ಇರುತ್ತದೆ. ಚರ್ಮವನ್ನು ಮೃದುವಾಗಿರಿಸುವ ಈ ಗ್ಲಿಸರಿನ್ನಿಗೆ ಗಾಳಿಯ ತೇವವನ್ನು ತನ್ನತ್ತ ಎಳೆದುಕೊಳ್ಳುವ ಗುಣವಿದೆ. ಹೀಗಾಗಿ ಜುಲೈ-ಆಗಸ್ಟಿನ ನಡುವೆ ಬರುವ ತುಳುವರ ಆಟಿ ತಿಂಗಳಲ್ಲಿ ಯಾರೂ ಮುಟ್ಟದೆ ಇಟ್ಟ ಸಾಬೂನಿನ ಮೇಲೂ ಹನಿಗಳು ಕಾಣಿಸಿಕೊಳ್ಳುತ್ತವೆ.

ಆದ್ದರಿಂದ ಆರೈಕೆಯ ಮುಕ್ಕಾಲು ಭಾಗ ಒಣಗಿಸುವುದರಲ್ಲೇ ಇದೆ. ಕ್ಷೌರ ಮುಗಿದೊಡನೆ ಬಟ್ಟಲಿನ ನೀರನ್ನು ಪೂರ್ತಿ ಬಸಿದು, ಸಾಬೂನಿನ ಮೇಲೆ ಉಳಿದ ನೊರೆಯನ್ನು ಬೆರಳಿನಿಂದ ಒರೆಸಿ ತೆಗೆದು, ಬಿಲ್ಲೆಯನ್ನು ಗೋಡೆಗೆ ಒರಗಿಸಿದಂತೆ ಓರೆಯಾಗಿ ನಿಲ್ಲಿಸಬೇಕು. ಮುಚ್ಚಳವನ್ನು ಆಗಲೇ ಹಾಕಬಾರದು. ಸುವಾಸನೆ ಹೋದೀತೆಂಬ ಕಾಳಜಿಯಿಂದ ಒದ್ದೆ ಸಾಬೂನನ್ನು ಮುಚ್ಚಿಡುವವರು ಬಹಳ ಮಂದಿ ಇದ್ದಾರೆ. ಸುವಾಸನೆ ಉಳಿಯಲು ಮುಚ್ಚಳ ಬೇಕು ಎಂಬುದು ನಿಜವೇ, ಆದರೆ ಅದು ಸಾಬೂನು ಒಣಗಿದ ಮೇಲಿನ ಮಾತು. ಬೇಸಗೆಯಲ್ಲಿ ಒಂದು ರಾತ್ರಿ ಸಾಕಾಗುವ ಈ ಕೆಲಸಕ್ಕೆ ಮಳೆಗಾಲದಲ್ಲಿ ಎರಡು ದಿನ ಹಿಡಿಯಬಹುದು. ದಿನವೂ ಕ್ಷೌರ ಮಾಡುವವರು ಎರಡು ಸಾಬೂನುಗಳನ್ನು ಇಟ್ಟುಕೊಂಡು ಒಂದು ದಿನ ಬಿಟ್ಟು ಒಂದು ದಿನ ಬಳಸಿದರೆ ಎರಡಕ್ಕೂ ಬಿಡುವು ದೊರೆಯುತ್ತದೆ. ಬೇಗ ಒಣಗಲೆಂದು ಬಿಸಿಲಿಗಿಟ್ಟರೆ ಮೇಲ್ಮೈ ಬಿರುಕು ಬಿಟ್ಟು ಪರಿಮಳವೂ ಹಾರಿಹೋಗುತ್ತದೆ. ಹಂಡೆಯ ಒಲೆ ಉರಿಯುವ ಬಚ್ಚಲುಮನೆಯಂತೂ ಇದಕ್ಕೆ ತಕ್ಕ ಸ್ಥಳವಲ್ಲ, ಅಲ್ಲಿನ ಹಬೆ ಸಾಬೂನನ್ನು ಎಂದಿಗೂ ಒಣಗಗೊಡುವುದಿಲ್ಲ. ಹಿರಿಯರು ಜಗಲಿಯ ಕಂಬಕ್ಕೆ ಕನ್ನಡಿ ತೂಗಿ ಕ್ಷೌರ ಮಾಡಿಕೊಳ್ಳುತ್ತಿದ್ದುದು ಬೆಳಕಿಗಾಗಿಯೇ ಇರಬಹುದು, ಆದರೆ ಅಲ್ಲೇ ದಂಡೆಯ ಮೇಲೆ ಉಳಿಯುತ್ತಿದ್ದ ಸಾಬೂನಿಗೂ ಗಾಳಿ ಸಿಗುತ್ತಿತ್ತು.

ಬಟ್ಟಲಿನ ಆಯ್ಕೆಯಲ್ಲಿ ನಾನು ಒಮ್ಮೆ ತಪ್ಪು ಮಾಡಿದ್ದೇನೆ. ತಂದೆಯವರ ಕಾಲದ ಹಿತ್ತಾಳೆಯ ಬಟ್ಟಲೊಂದು ಅಟ್ಟದಲ್ಲಿ ಸಿಕ್ಕಿದಾಗ ಅದನ್ನು ಹುಣಸೆಹುಳಿ ಹಾಕಿ ತಿಕ್ಕಿ ಬೆಳಗಿ, ಹೊಸ ಸಾಬೂನನ್ನು ಅದರಲ್ಲಿ ಒತ್ತಿ ಕೂರಿಸಿದೆ. ಕೆಲವೇ ವಾರಗಳಲ್ಲಿ ಅಂಚಿನಲ್ಲಿ ಹಸಿರು ಬಣ್ಣ ಮೂಡಿತು. ಮತ್ತೆ ಕೆಲವು ದಿನಗಳಲ್ಲಿ ಹಳೆಯ ಎಣ್ಣೆಯ ಕಮಟು ವಾಸನೆ ಬಂದಿತು. ಹಿತ್ತಾಳೆಯಲ್ಲಿರುವ ತಾಮ್ರ ಸಾಬೂನಿನೊಡನೆ ಕೂಡಿ ಹಸಿರಾಗುತ್ತದೆ ಮಾತ್ರವಲ್ಲ, ಅದರಲ್ಲಿರುವ ಕೊಬ್ಬು ಹಳಸುವುದನ್ನೂ ಚುರುಕುಗೊಳಿಸುತ್ತದೆ ಎಂಬುದು ನನಗೆ ತಿಳಿದದ್ದು ಆಮೇಲೆ. ಕಬ್ಬಿಣದಿಂದಲೂ ಹೀಗೆಯೇ ಹಾನಿ. ಅಲ್ಯುಮಿನಿಯಂ ಕ್ಷಾರಕ್ಕೆ ತಾಳುವ ಲೋಹವಲ್ಲ. ಪಿಂಗಾಣಿ, ಗಾಜು, ಒಳ್ಳೆಯ ಸ್ಟೀಲು ಇವುಗಳಿಂದ ತೊಂದರೆಯಿಲ್ಲ. ಮರದ ಬಟ್ಟಲು ನೋಡಲು ಚೆಂದವಾದರೂ ನಮ್ಮ ಮಳೆಗೆ ಉಬ್ಬಿ, ಬೇಸಗೆಗೆ ಸೀಳುತ್ತದೆ. ಈಗ ನಾನು ಬಳಸುತ್ತಿರುವುದು ತೆಂಗಿನ ಗೆರಟೆ. ಕಣ್ಣುಗಳಿರುವ ಕಡೆಯ ಹೋಳನ್ನು ಆರಿಸಿಕೊಂಡು ಒಳಗನ್ನು ನುಣ್ಣಗೆ ಕೆರೆದು, ಮೆದುವಾದ ಕಣ್ಣನ್ನು ಚುಚ್ಚಿ ತೆರೆದರೆ ನೀರು ಇಳಿದುಹೋಗಲು ದಾರಿ ತಾನಾಗಿಯೇ ಸಿಗುತ್ತದೆ.

ಬಳಸುವ ನೀರನ್ನೂ ಗಮನಿಸಬೇಕು. ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ ಕೊರೆದು ತೆಗೆದ ನಮ್ಮ ಸುರಂಗಗಳ ನೀರು ಮೆದು. ಅದರಲ್ಲಿ ಚಿಟಿಕೆ ಸಾಬೂನಿಗೂ ನೊರೆ ತುಂಬಿ ಬರುತ್ತದೆ. ಸುಣ್ಣದ ಅಂಶವಿರುವ ಗಡಸು ನೀರಿನಲ್ಲಾದರೋ ಸಾಬೂನಿನ ಒಂದು ಪಾಲು ನೊರೆಯಾಗದೆ ಬಿಳಿಯ ಗಸಿಯಾಗಿ ಬಟ್ಟಲಿಗೂ ಬ್ರಷ್ಷಿನ ಬುಡಕ್ಕೂ ಅಂಟುತ್ತದೆ. ಅಂಥ ನೀರು ಬಳಸುವವರು ತಿಂಗಳಿಗೊಮ್ಮೆ ನೀರು ಬೆರೆಸಿದ ವಿನೆಗರಿನಲ್ಲಿ ಬ್ರಷ್ಷನ್ನು ಕೆಲವು ನಿಮಿಷ ಅದ್ದಿ ತೊಳೆಯುವುದು ಒಳ್ಳೆಯದು. ಎಲ್ಲಕ್ಕಿಂತ ಮುಖ್ಯವಾಗಿ, ಒದ್ದೆ ಬ್ರಷ್ಷನ್ನು ಸಾಬೂನಿನ ಮೇಲೆಯೇ ಇಟ್ಟು ಹೋಗಬಾರದು.

ಮುಂದಿನ ಬಳಕೆಗೆಂದು ತಂದ ಸಾಬೂನುಗಳನ್ನು ಹೊದಿಕೆ ಬಿಚ್ಚದೆ ಬಟ್ಟೆಯ ಕಪಾಟಿನಲ್ಲಿ, ಬೆಳಕು ಬೀಳದ ಕಡೆ ಇಡಬಹುದು. ನುಸಿಗುಳಿಗೆಯ ಹತ್ತಿರ ಮಾತ್ರ ಬೇಡ. ದಿನ ಕಳೆದಂತೆ ನೀರಿನಂಶ ಆರಿ ಸಾಬೂನು ಗಟ್ಟಿಯಾಗುತ್ತದೆ, ಬಾಳಿಕೆಯೂ ಹೆಚ್ಚುತ್ತದೆ. ಕಿತ್ತಳೆ ಬಣ್ಣದ ಚುಕ್ಕೆಗಳು ಕಂಡರೆ ಕೊಬ್ಬು ಹಳಸತೊಡಗಿದೆ ಎಂದರ್ಥ. ಚುಕ್ಕೆಯನ್ನು ಕೆತ್ತಿ ತೆಗೆದರೂ ಕಮಟು ಉಳಿದರೆ ಅದನ್ನು ಮುಖಕ್ಕೆ ಹಚ್ಚದೆ ಬಟ್ಟೆ ಒಗೆಯಲು ಕೊಡುವುದು ಲೇಸು. ಬಾವಿಕಟ್ಟೆಯ ಮೇಲೆ ಸಾಬೂನು ಮರೆತರೆ ಕಾಗೆ ಹೊತ್ತೊಯ್ಯುತ್ತದೆ. ಅಟ್ಟದಲ್ಲಿ ತೆರೆದಿಟ್ಟರೆ ಇಲಿ ಬಿಡುವುದಿಲ್ಲ.

ಕೊನೆಗೆ ಉಳಿಯುವ ತೆಳ್ಳನೆಯ ಚೂರುಗಳನ್ನು ಒಲೆಯ ಮೇಲಿಟ್ಟು ಕರಗಿಸಲು ಹೋಗಬೇಡಿ, ಅವು ಉಕ್ಕಿ ಕೆಡುತ್ತವೆ. ತುರಿಮಣೆಯಲ್ಲಿ ಸಣ್ಣಗೆ ತುರಿದು, ನಾಲ್ಕೈದು ಹನಿ ಬಿಸಿನೀರು ಚಿಮುಕಿಸಿ, ಗೆರಟೆಯಲ್ಲಿ ಹೆಬ್ಬೆರಳಿನಿಂದ ಬಿಗಿಯಾಗಿ ಒತ್ತಿ, ಎರಡು ದಿನ ನೆರಳಲ್ಲಿ ತೆರೆದಿಡಿ. ಮೂರನೆಯ ದಿನ ಬ್ರಷ್ಷು ಆಡಿಸಿದರೆ ಹೊಸ ಬಿಲ್ಲೆಯಷ್ಟೇ ದಟ್ಟವಾದ ನೊರೆ ಬರುತ್ತದೆ. ನಮಸ್ಕಾರ.