ಮಡಿಕೇರಿ ಕೋಟೆಗೆ ಅಕ್ಕಿ ತಂದವನು

ಮಡಿಕೇರಿ ಕೋಟೆಯೊಳಗಿನ ಆ ಎರಡು ಗಾರೆ ಆನೆಗಳ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳದವರು ನಮ್ಮ ಕಡೆ ಯಾರಿದ್ದಾರೆ ಹೇಳಿ? ನಾನೂ ನಿಂತಿದ್ದೇನೆ, ಶಾಲೆಯಲ್ಲಿದ್ದಾಗ, ಒದ್ದೆ ರೇನ್‌ಕೋಟ್ ಹಾಕಿಕೊಂಡು. "ನೋಡಿ ಮಕ್ಕಳೇ, ಇದು ಕೊಡಗಿನ ಶೌರ್ಯದ ಗುರುತು" ಅಂದಿದ್ದರು ಮೇಷ್ಟ್ರು. ಮೇಷ್ಟ್ರ ಮೇಲೆ ಗೌರವ ಇಟ್ಟುಕೊಂಡೇ ಆ ಮಾತಿಗೆ ಇವತ್ತು ತಕರಾರು ತೆಗೆಯುತ್ತೇನೆ.

ಕೊಡಗನ್ನಾಳಿದ ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ರಾಜಧಾನಿಯನ್ನು ಇಲ್ಲಿಗೆ ತಂದು ಮಣ್ಣಿನ ಕೋಟೆ ಕಟ್ಟಿದ. ಅದನ್ನು ಕಲ್ಲಿನ ಕೋಟೆ ಮಾಡಿ ಜಾಫರಾಬಾದ್ ಅಂತ ಹೆಸರಿಟ್ಟವನು ಟಿಪ್ಪು. ಅಂದರೆ ನಾವು ಎದೆಯುಬ್ಬಿಸಿ ತೋರಿಸುವ ಗೋಡೆ, ನಮ್ಮನ್ನು ಹದ್ದುಬಸ್ತಿನಲ್ಲಿಡಲು ಬಂದವನು ಗಟ್ಟಿ ಮಾಡಿಸಿದ್ದು. ಒಳಗೆ ಅವನ ಕಾವಲು ಪಡೆ. ಹೊರಗೆ ಸುತ್ತಲೂ ಕಾಡು, ಕಾಡಿನ ತುಂಬ ಅವರನ್ನು ಕಂಡರಾಗದ ಜನ. ಆ ಸಿಪಾಯಿಗಳ ದಿನ ಹೇಗೆ ಕಳೆದಿರಬಹುದು ಯೋಚನೆ ಮಾಡಿ. ಕೋವಿ ಇದೆ, ಮದ್ದು ಇದೆ. ಅಕ್ಕಿ ಮಾತ್ರ ಮೈಸೂರು ಕಡೆಯಿಂದಲೇ ಬರಬೇಕು.

ಈ ಕೋಟೆಯ ಅತ್ಯುತ್ತಮ ಕತೆ ಇರುವುದು ಆ ಅಕ್ಕಿಯಲ್ಲೇ. ಟಿಪ್ಪು ಪಿರಿಯಾಪಟ್ಟಣದಲ್ಲಿಟ್ಟಿದ್ದ ಸೆರೆಯಿಂದ 1788ರಲ್ಲಿ ತಪ್ಪಿಸಿಕೊಂಡು ಬಂದ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ, ಒಂದೊಂದಾಗಿ ಟಿಪ್ಪುವಿನ ಠಾಣೆಗಳನ್ನು ಕಿತ್ತುಹಾಕಿ, ಕೊನೆಗೆ ಮಡಿಕೇರಿಯನ್ನು ಒಂಟಿ ಮಾಡಿಬಿಟ್ಟ. ಹಸಿದ ಪಡೆಗೆ ದವಸ ತಲುಪಿಸಲು ಟಿಪ್ಪು ಕಳಿಸಿದ್ದು ಖಾದಿರ್ ಖಾನ್ ಎಂಬ ಸರದಾರನನ್ನು. ರಾಜನ ಜನ ಅವನನ್ನು ದಾರಿಯಲ್ಲೇ ಸುತ್ತುವರಿದರು. ಮುಗಿಸಿಬಿಡಬಹುದಿತ್ತು. ಆದರೆ ಹಿಂದೆ, ರಾಜ ಸೆರೆಯಲ್ಲಿದ್ದ ಕಾಲದಲ್ಲಿ, ಅವನ ಮನೆಯ ಹೆಣ್ಣಿನ ಮಾನ ಕಾಪಾಡಿದವನು ಇದೇ ಖಾದಿರ್ ಖಾನ್. ಉಪ್ಪಿಗಿಂತ ದೊಡ್ಡ ಋಣ ಅದು. ರಾಜ ದಾರಿ ಬಿಟ್ಟ. ಶತ್ರುವಿನ ಕೋಟೆಗೆ ಶತ್ರುವಿನ ಅಕ್ಕಿ, ಕಣ್ಣೆದುರೇ ಹೋಯಿತು! ಆಮೇಲೆ ಆ ದವಸವೂ ಮುಗಿದು, ಪಡೆ ತಾನಾಗಿ ಕೋಟೆ ಬಿಟ್ಟುಕೊಟ್ಟು ಹೊರಟಿತು, ಅದು ಬೇರೆ ವಿಷಯ. ಪ್ರತಿ ವರ್ಷ ನವೆಂಬರ್ ಬಂದಾಗ ಟಿಪ್ಪು ಹೆಸರಲ್ಲಿ ಕಿತ್ತಾಡುವ ಎರಡೂ ಕಡೆಯವರ ಬಾಯಲ್ಲಿ ಖಾದಿರ್ ಖಾನನ ಹೆಸರನ್ನು ನಾನಂತೂ ಒಮ್ಮೆಯೂ ಕೇಳಿಲ್ಲ. ಯಾರ ಲೆಕ್ಕಕ್ಕೂ ಅವನು ಸರಿಹೊಂದುವುದಿಲ್ಲ ನೋಡಿ.

1834ಕ್ಕೆ ಬನ್ನಿ. ಕಂಪನಿ ಸೈನ್ಯ ನಾಲ್ಕು ಕಡೆಯಿಂದ ನುಗ್ಗಿತು. ಉತ್ತರದಿಂದ ಬಂದ ತುಕಡಿ ಕಾಡಿನ ಅಡ್ಡಗಟ್ಟೆಯ ಹತ್ತಿರ ಸರಿಯಾಗಿ ಏಟು ತಿಂದು ಹಿಂದೆ ಸರಿಯಿತು. ಮಡಿಕೇರಿ ಕೋಟೆ? ಏಪ್ರಿಲ್ 6ರಂದು ಕರ್ನಲ್ ಫ್ರೇಸರ್ ನಡೆದುಕೊಂಡು ಒಳಗೆ ಬಂದ, ಅಷ್ಟೇ. ಯುದ್ಧ ಆಗಿದ್ದೆಲ್ಲ ಹೊರಗೆ. ಕೊಡಗಿನ ಕೊನೆಯ ರಾಜ ಚಿಕ್ಕ ವೀರರಾಜೇಂದ್ರ ಗಡಿಪಾರಾಗಿ ಕಾಶಿಗೆ ಹೋದ, ಅಲ್ಲಿಂದ ಲಂಡನ್ನಿಗೆ. 1837ರಲ್ಲಿ, ಬ್ರಿಟಿಷರ ವಿರುದ್ಧ ಎದ್ದ ಅಮರ ಸುಳ್ಯ ದಂಗೆಯ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಇದೇ ಕೋಟೆಯಲ್ಲಿ ನೇಣಿಗೆ ಹಾಕಿದರು. 1855ರಲ್ಲಿ ಒಳಗಿದ್ದ ವೀರಭದ್ರ ಗುಡಿ ತೆಗೆದು ಚರ್ಚ್ ಕಟ್ಟಿದರು, ಅದೀಗ ಮ್ಯೂಸಿಯಂ. ಅರಮನೆಯಲ್ಲಿ ಆಮೇಲೆ ಎಷ್ಟೋ ವರ್ಷ ಕೂತಿದ್ದು ಸರ್ಕಾರಿ ಕಡತಗಳು. ಕಡತಗಳೂ ಒಂಥರಾ ಕಾವಲು ಪಡೆಯೇ ಬಿಡಿ, ಅಷ್ಟು ಸುಲಭಕ್ಕೆ ಜಾಗ ಖಾಲಿ ಮಾಡುವುದಿಲ್ಲ.

ಹಾಗಾದರೆ ಶೌರ್ಯದ ಗುರುತು ಎಲ್ಲಿದೆ? ನನ್ನ ಪ್ರಕಾರ ಕಡಂಗದಲ್ಲಿ. ಗುಡ್ಡ ಬಯಲು ಅನ್ನದೆ ನಾಡಿನ ಉದ್ದಕ್ಕೂ ನಮ್ಮ ಹಿರಿಯರು ತೋಡಿದ ಆ ಯುದ್ಧದ ಕಂದಕಗಳು. ವಿರಾಜಪೇಟೆ ಕಡೆ ಆ ಹೆಸರಿನ ಊರೇ ಇದೆ. ಆ ಕಂದಕಗಳಿಗೆ ಟಿಕೆಟ್ ಇಲ್ಲ, ಬೋರ್ಡ್ ಇಲ್ಲ, ಆನೆಯೂ ಇಲ್ಲ. ಫೋಟೋ ತೆಗೆದರೆ ಬರೀ ಕಾಡುಗಿಡ ತುಂಬಿದ ಗುಂಡಿ. ನಮ್ಮ ತೋಟದ ಅಂಚಿನಲ್ಲಿ ಒಂದು ತುಂಡು ಉಳಿದಿದೆ. ಹೋದ ಬೇಸಿಗೆಯಲ್ಲಿ ಜೆಸಿಬಿ ಕರೆಸಿದಾಗ, "ಇದನ್ನೂ ಮುಚ್ಚಿ ಸಮ ಮಾಡಿಬಿಡಲಾ, ಅರ್ಧ ಗಂಟೆ ಕೆಲಸ" ಅಂತ ಡ್ರೈವರ್ ಕೇಳಿದ. ನಾನು ಹೂಂ ಅನ್ನುವುದರಲ್ಲಿದ್ದೆ. ಹಿಂದಿನಿಂದ ಅಜ್ಜಿ ಬಂದು ಅವನಿಗೆ ಕಾಫಿ ಕೊಟ್ಟು, ಲೆಕ್ಕ ಮುಗಿಸಿ ಕಳಿಸಿದರು.