ಸೋಲೋದ ಕೆಳಗೆ ಕೇಳಿಸುವ ಗಿಟಾರ್: ಪಾಲ್ ರೇಮಂಡ್

ಈ ಮೇಜಿನ ಮೇಲಿರುವುದು ಬ್ರಿಟನ್ನಿನ ಹಾರ್ಡ್ ರಾಕ್ ಬ್ಯಾಂಡ್ ಯುಎಫ್‌ಓದ ‘ಸ್ಟ್ರೇಂಜರ್ಸ್ ಇನ್ ದ ನೈಟ್’ ಎಂಬ ಲೈವ್ ಆಲ್ಬಂ. 1978ರಲ್ಲಿ ಅಮೆರಿಕದ ಕಛೇರಿಗಳಲ್ಲಿ ಧ್ವನಿಮುದ್ರಣಗೊಂಡ ಇದನ್ನು ಬಹುತೇಕರು ಮೈಕೆಲ್ ಶೆಂಕರ್ ಅವರ ಗಿಟಾರ್‌ಗಾಗಿ ಕೇಳುತ್ತಾರೆ. ನಾನೂ ಎಷ್ಟೋ ವರ್ಷ ಹಾಗೆಯೇ ಕೇಳಿದೆ. ಶೆಂಕರ್ ಸೋಲೋ (ಒಬ್ಬರೇ ಮುಂದೆ ನಿಂತು ನುಡಿಸುವ ಭಾಗ) ಹಿಡಿದು ಮೇಲೇರಿದಾಗಲೂ ಹಾಡು ಬರಿದಾಗದಿರುವುದು ಹೇಗೆ ಎಂದು ಕಿವಿಗೊಟ್ಟ ದಿನವೇ ಅದೇ ಬ್ಯಾಂಡಿನ ಪಾಲ್ ರೇಮಂಡ್ ನನಗೆ ಮೊದಲ ಬಾರಿ ಕೇಳಿಸಿದರು.

ಒಬ್ಬರೇ ಗಿಟಾರ್ ವಾದಕರಿರುವ ಹಾರ್ಡ್ ರಾಕ್ ಬ್ಯಾಂಡಿನಲ್ಲಿ ಅವರು ಸೋಲೋಗೆ ತೊಡಗಿದ ಕ್ಷಣದಲ್ಲಿ ಬೇಸ್ ಮತ್ತು ಡ್ರಮ್ಸ್ ಮಾತ್ರ ಉಳಿದು ನಾದ ತೆಳುವಾಗುತ್ತದೆ. ಆ ಜಾಗವನ್ನು ರೇಮಂಡ್ ಕೆಲವೊಮ್ಮೆ ರಿದಮ್ ಗಿಟಾರಿನಿಂದ (ಸೋಲೋಗೆ ಆಸರೆಯಾಗಿ ಲಯ ಹಿಡಿದು ನುಡಿಸುವ ಗಿಟಾರ್), ಕೆಲವೊಮ್ಮೆ ಕೀಬೋರ್ಡಿನಿಂದ ತುಂಬುತ್ತಿದ್ದರು, ಜೊತೆಗೆ ಹಿನ್ನೆಲೆಯಲ್ಲಿ ಹಾಡುತ್ತಲೂ ಇದ್ದರು. ನಮ್ಮ ಕಛೇರಿಗಳಲ್ಲಿ ಒಳ್ಳೆಯ ಪಕ್ಕವಾದ್ಯದವರು ಮಾಡುವಂತೆ, ಎದುರಿನವರ ಉಸಿರನ್ನು ಗಮನಿಸಿ ಎಲ್ಲಿ ಒತ್ತಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದನ್ನು ಅವರು ಅರಿತಿದ್ದರು.

1945ರ ನವೆಂಬರ್ 16ರಂದು ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್‌ನಲ್ಲಿ ಜನಿಸಿದ ರೇಮಂಡ್ ಅವರಿಗೆ ಈ ಅರಿವು ಹಾರ್ಡ್ ರಾಕ್‌ಗಿಂತ ಮೊದಲೇ ಬ್ಲೂಸ್ ಬ್ಯಾಂಡ್‌ಗಳಲ್ಲಿ ಬಂದಿರಬೇಕು ಎಂಬುದು ನನ್ನ ಎಣಿಕೆ. 1968ರಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಹೆಸರು ಮಾಡಿದ ಪ್ಲಾಸ್ಟಿಕ್ ಪೆನ್ನಿ ತಂಡದಲ್ಲಿದ್ದ ಅವರು, ಮುಂದೆ ಫ್ಲೀಟ್‌ವುಡ್ ಮ್ಯಾಕ್ ಬ್ಯಾಂಡಿನ ಕ್ರಿಸ್ಟೀನ್ ಮೆಕ್‌ವೀ ಎಂದು ಪ್ರಸಿದ್ಧರಾದ ಕ್ರಿಸ್ಟೀನ್ ಪರ್ಫೆಕ್ಟ್ ತೊರೆದ ಸ್ಥಾನಕ್ಕೆ ಚಿಕನ್ ಶ್ಯಾಕ್ ಬ್ಯಾಂಡನ್ನು ಸೇರಿದರು; ಅಲ್ಲಿಂದ ಸವೋಯ್ ಬ್ರೌನ್ ಎಂಬ ಬ್ಲೂಸ್ ಬ್ಯಾಂಡಿಗೆ ಹೋದರು.

1976ರಲ್ಲಿ ಡ್ಯಾನಿ ಪೆರೋನೆಲ್ ಅವರ ಬದಲಿಗೆ ಯುಎಫ್‌ಓ ಸೇರಿದ ರೇಮಂಡ್, ಮರುವರ್ಷದ ‘ಲೈಟ್ಸ್ ಔಟ್’ ಆಲ್ಬಮ್ಮಿನಲ್ಲಿ ನುಡಿಸಿದರು. ಅದರ ಕೊನೆಯ ಹಾಡು ‘ಲವ್ ಟು ಲವ್’ ಏಳು ನಿಮಿಷಗಳನ್ನು ಮೀರುತ್ತದೆ. ಬ್ಯಾಂಡಿನ ಗಾಯಕ ಫಿಲ್ ಮಾಗ್ ಅವರ ದನಿಗೆ ಆಸರೆಯಾಗುವ ಕೀಬೋರ್ಡಿನ ಸ್ವರಗಳನ್ನೂ, ಕೊನೆಯಲ್ಲಿ ಶೆಂಕರ್ ಅವರ ದೀರ್ಘ ಸೋಲೋವನ್ನೂ ಒಟ್ಟಿಗೆ ಕೇಳಿದರೆ, ಮೊದಲನೆಯದಿಲ್ಲದೆ ಎರಡನೆಯದಕ್ಕೆ ಅಷ್ಟು ನೋವು ತುಂಬುತ್ತಿರಲಿಲ್ಲವೆಂದು ನನಗೆ ಪ್ರತಿ ಸಲವೂ ಅನಿಸುತ್ತದೆ. ದಯವಿಟ್ಟು ಈ ಹಾಡನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ.

ಶೆಂಕರ್ ಬ್ಯಾಂಡ್ ಬಿಟ್ಟ ನಂತರವೂ ಉಳಿದ ರೇಮಂಡ್, ಬೀಟಲ್ಸ್ ಬ್ಯಾಂಡಿನ ನಿರ್ಮಾಪಕ ಜಾರ್ಜ್ ಮಾರ್ಟಿನ್ ನಿರ್ಮಿಸಿದ ‘ನೋ ಪ್ಲೇಸ್ ಟು ರನ್’ ಆಲ್ಬಮ್ಮಿನಲ್ಲಿ ನುಡಿಸಿ, 1980ರಲ್ಲಿ ತಾವೂ ಹೊರನಡೆದರು. ಅವರ ಜಾಗಕ್ಕೆ ಗಿಟಾರ್, ಕೀಬೋರ್ಡ್ ಎರಡನ್ನೂ ಬಲ್ಲ ನೀಲ್ ಕಾರ್ಟರ್ ಬಂದರು. ರೇಮಂಡ್ ಸೇರಿದ್ದು ಶೆಂಕರ್ ಅವರದೇ ಹೊಸ ತಂಡವನ್ನು. 1981ರ ಆಗಸ್ಟ್‌ನಲ್ಲಿ ಟೋಕಿಯೋದ ಬುಡೋಕಾನ್ ಸಭಾಂಗಣದ ಕಛೇರಿಯಲ್ಲಿ ಅವರಿಬ್ಬರೂ ಮತ್ತೆ ಒಂದೇ ವೇದಿಕೆಯಲ್ಲಿದ್ದರು. ಆ ಬಳಿಕ ರೇಮಂಡ್ ವೇಸ್ಟೆಡ್ ಎಂಬ ತಂಡದಲ್ಲಿ ನುಡಿಸಿದರು, 1984ರಲ್ಲಿ ಯುಎಫ್‌ಓಗೆ ಮರಳಿದರು, ಬಿಟ್ಟರು, 1990ರ ದಶಕದಲ್ಲಿ ಹಳೆಯ ಗೆಳೆಯರೊಡನೆ ಮತ್ತೆ ಕೂಡಿದರು. 2003ರಿಂದಾಚೆಗೆ ಮಾತ್ರ ಅಲ್ಲಿಯೇ ನೆಲೆ ನಿಂತರು.

2019ರಲ್ಲಿ ಯುಎಫ್‌ಓ ವಿದಾಯ ಪ್ರವಾಸಕ್ಕೆ ಹೊರಟಾಗಲೂ ಎಪ್ಪತ್ತಮೂರರ ರೇಮಂಡ್ ಜೊತೆಯಲ್ಲಿದ್ದರು. ಬ್ರಿಟನ್ನಿನ ಕಛೇರಿಗಳು ಮುಗಿದ ಸ್ವಲ್ಪದರಲ್ಲೇ, ಏಪ್ರಿಲ್ 13ರಂದು, ಹೃದಯಾಘಾತದಿಂದ ತೀರಿಕೊಂಡರು. ಪ್ರವಾಸದ ಉಳಿದ ಕಛೇರಿಗಳಲ್ಲಿ ಅವರ ಭಾಗವನ್ನು ನುಡಿಸಲು ಬಂದವರು, ಮೂವತ್ತೊಂಬತ್ತು ವರ್ಷಗಳ ಹಿಂದೆ ಇದೇ ಸ್ಥಾನಕ್ಕೆ ಬಂದಿದ್ದ ಅದೇ ನೀಲ್ ಕಾರ್ಟರ್.